ಉಣ್ಣಿ ಬಿಡುತ್ತಿದ್ದ ಗೋಡೆ

ಬೆಳವಣಕಿಯಲ್ಲಿ ನಾಯಿ ಸಾಕಿದವರಿಗೆಲ್ಲ ಗೌರವ್ವ ಗೊತ್ತು. ಐವತ್ತು ಎಕರೆ ಎರೆಭೂಮಿಯ ಗುರುಸಂಗಪ್ಪನ ಹೆಂಡತಿ ಎಂದು ಗೊತ್ತಿರುವುದಕ್ಕಿಂತ ಹೆಚ್ಚಾಗಿ, ಉಣ್ಣಿ ತೆಗೆಯುವ ಗೌರವ್ವ ಎಂದು ಗೊತ್ತು. ಉಳಿದವರು ನಾಯಿಯ ಮೈಯಿಂದ ಉಣ್ಣಿ ಬಿಡಿಸುವ ಚಂದ ನೋಡಿದರೆ ಸಾಕು, ನಾಯಿ ಊರು ಬಿಡಬೇಕು. ಒಬ್ಬ ಟ್ರ್ಯಾಕ್ಟರಿನ ಡೀಸೆಲ್ ಬಳಿಯುತ್ತಾನೆ. ಇನ್ನೊಬ್ಬ ಉರಿಯುವ ಬೀಡಿ ತಾಗಿಸುತ್ತಾನೆ. ಮತ್ತೊಬ್ಬ ಉಗುರಿನಲ್ಲಿ ಹಿಡಿದು ತಿರುವಿ ಜಗ್ಗಿ, ಉಣ್ಣಿಯ ಬಾಯನ್ನು ಚರ್ಮದೊಳಗೇ ಬಿಟ್ಟು, ಬರೀ ಹೊಟ್ಟೆಯನ್ನು ಕಿತ್ತುಕೊಂಡು ದೊಡ್ಡ ಕೆಲಸ ಮಾಡಿದವನ ಹಾಗೆ ಎಲ್ಲರಿಗೂ ತೋರಿಸುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಆ ಜಾಗ ಬಾತು ಕೀವು ತುಂಬುತ್ತದೆ.

ಗೌರವ್ವನ ಕೈಯಲ್ಲಿ ಹಾಗೆ ಆದದ್ದಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ, ಎಳೆಬಿಸಿಲು ಕಟ್ಟೆಗೆ ಬಿದ್ದ ಹೊತ್ತಿಗೆ ತನ್ನ ನಾಯಿ ಸರದಾರನನ್ನು ಮಗ್ಗುಲಾಗಿ ಮಲಗಿಸಿಕೊಳ್ಳುತ್ತಿದ್ದಳು. ಹೆಸರಿಗೆ ಸರದಾರ, ಗುಡುಗು ಕೇಳಿದರೆ ಕಣಜದ ಹಿಂದೆ ಅಡಗುವ ಪ್ರಾಣಿ. ಅದರ ಕೂದಲನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಹಿಮ್ಮುಖವಾಗಿ ಸರಿಸುತ್ತ ಬೆರಳ ತುದಿಯಲ್ಲೇ ಹುಡುಕುತ್ತಿದ್ದಳು. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ಬೆರಳುಗಳ ಸಂದಿ, ತೊಡೆಸಂದಿ, ಬಾಲದ ಬುಡ, ಎಲ್ಲವನ್ನೂ ಬಿಡದೆ ತಡವಬೇಕು. ಸಣ್ಣದಾದರೆ ಎಳ್ಳುಕಾಳಿನಷ್ಟು, ರಕ್ತ ಕುಡಿದು ಉಬ್ಬಿದ್ದಾದರೆ ಹರಳು ಬೀಜದಷ್ಟು. ಸಿಕ್ಕ ಕೂಡಲೇ ಮುಳ್ಳು ತೆಗೆಯುವ ಚಿಮಟದಿಂದ ಅದರ ಹೊಟ್ಟೆಯನ್ನು ಒತ್ತದೆ, ಚರ್ಮಕ್ಕೆ ತಾಗಿದ ಬಾಯ ಬುಡದಲ್ಲೇ ಹಿಡಿದು, ತಿರುವದೆ ಜರ್ಕು ಹೊಡೆಯದೆ ನೆಟ್ಟಗೆ ನಿಧಾನವಾಗಿ ಎಳೆಯುತ್ತಿದ್ದಳು. ಉಣ್ಣಿ ಇಡಿಯಾಗಿ ಬರುತ್ತಿತ್ತು, ಕಾಲು ಆಡಿಸುತ್ತ.

ಇಷ್ಟು ನಾಜೂಕು ನಾಯಿಗಾಗಿ ಎಂದು ಊರವರು ತಿಳಿದಿದ್ದರು. ಖರೆ ಮಾತು ಅದಲ್ಲ. ಉಣ್ಣಿಗೆ ನೋವಾಗಬಾರದು ಎಂದು ಆಕೆ ಹಾಗೆ ಎಳೆಯುತ್ತಿದ್ದಳು.

ಗೌರವ್ವ ಹುಟ್ಟಿದ್ದು ನರಗುಂದದ ಬಟ್ಟೆ ಅಂಗಡಿಯವರ ಮನೆಯಲ್ಲಿ. ಹತ್ತು ವರ್ಷದವಳಿದ್ದಾಗ ಒಂದು ಕಪ್ಪೆಗೆ ಕಲ್ಲು ಎಸೆದಳು, ಅದು ಸತ್ತೇಹೋಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಅವತ್ತಿಡೀ ಊಟ ಮಾಡಲಿಲ್ಲ. ಮುಚ್ಚಿಟ್ಟ ತಾಟನ್ನು ನೋಡಿ ನೋಡಿ ಹುಡುಗಿ ತಾನೇ ಒಂದು ಮಾತು ಕಟ್ಟಿಕೊಂಡಳು, ಇನ್ನು ಮೇಲೆ ಈ ಕೈಯಿಂದ ಒಂದು ಜೀವವನ್ನೂ ತೆಗೆಯುವುದಿಲ್ಲ ಎಂದು. ಐವತ್ತೆರಡು ವರ್ಷ ಆ ಮಾತು ನಡೆಸಿದಳು. ಇರುವೆ ಸಾಲು ದಾಟುವವರೆಗೆ ಕಸಬರಿಗೆ ಹಿಡಿದು ನಿಲ್ಲುತ್ತಾಳೆ. ಕಚ್ಚುತ್ತಿರುವ ಸೊಳ್ಳೆಯನ್ನು ಊದಿ ಕಳಿಸುತ್ತಾಳೆ. ಅದಕ್ಕೆ ಗುರುಸಂಗಪ್ಪ, "ಮದವಿ ಮನಿಯಾಗ ಬೀಗರನ್ನ ಕಳಿಸಿಧಂಗ ಕಳಸ್ತಾಳ ನೋಡು," ಎಂದು ನಗುತ್ತಿದ್ದ. ನಕ್ಕರೂ ಹೆಂಡತಿಯ ಈ ವ್ರತದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು, ಬಂದ ಬೀಗರಿಗೆಲ್ಲ ಹೇಳುತ್ತಿದ್ದ.

ತೆಗೆದ ಉಣ್ಣಿಗಳು ಒಂದು ಸ್ಟೀಲ್ ಬಟ್ಟಲಿಗೆ ಬೀಳುತ್ತಿದ್ದವು. ಬಟ್ಟಲನ್ನು ಹಿತ್ತಲಿಗೆ ಒಯ್ದು, ಮಣ್ಣು ಮೆತ್ತಿ ಕಟ್ಟಿದ ಹಳೆಯ ಕಲ್ಲುಗೋಡೆಯ ಮೇಲೆ ಬೋರಲು ಹಾಕಿ, "ಹೋಗ್ರಿ, ನಿಮ್ಮ ಪಾಡಿಗೆ ನೀವು," ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದಳು. ಓಣಿಯವರು ತಂದ ನಾಯಿಗಳ ಉಣ್ಣಿಗೂ ಅದೇ ಗೋಡೆ. ಹೀಗೆ ಎಷ್ಟೋ ವರ್ಷ ನಡೆಯಿತು. ಒಂದು ವಿಚಿತ್ರವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ದಿನಾಲು ಇಷ್ಟು ಚೊಕ್ಕ ಮಾಡಿದರೂ ಮರುದಿನ ಸರದಾರನ ಮೈಮೇಲೆ ಮತ್ತೆ ಅಷ್ಟೇ ಉಣ್ಣಿ ಇರುತ್ತಿದ್ದವು.

ಈ ಸಲ ಯುಗಾದಿ ಮುಗಿದು ಬಿಸಿಲು ಏರಿದ ಮೇಲೆ ಸರದಾರ ರೊಟ್ಟಿ ಮೂಸಿ ಮುಖ ತಿರುಗಿಸಿತು. ಮರುದಿನವೂ ಹಾಗೇ. ಮೂರನೆಯ ದಿನ ಗೇಟಿನ ಸಪ್ಪಳಕ್ಕೂ ಏಳಲಿಲ್ಲ, ಮೂಗಿನಿಂದ ಒಂದು ಹನಿ ರಕ್ತ ಇಳಿಯಿತು. ಮಕ್ಕಳಿಲ್ಲದ ಮನೆಯಲ್ಲಿ ಒಂಬತ್ತು ವರ್ಷದಿಂದ ಆಕೆಯ ಕಾಲು ಸುತ್ತಿಕೊಂಡು ಬೆಳೆದ ನಾಯಿ ಅದು. ಗುರುಸಂಗಪ್ಪ ಉಳ್ಳಾಗಡ್ಡಿ ಹೇರುವ ಗಾಡಿಯಲ್ಲಿ ಗೋಣಿಚೀಲ ಹಾಸಿ, ಹೆಂಡತಿಯನ್ನೂ ನಾಯಿಯನ್ನೂ ಕೂರಿಸಿಕೊಂಡು ರೋಣದ ದನದ ದವಾಖಾನೆಗೆ ಹೋದ.

ಅಲ್ಲಿದ್ದ ಡಾಕ್ಟರ್ ಆಸಿಫಾ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನೇರ. ಸರದಾರನ ತುಟಿ ಎತ್ತಿ ತೋರಿಸಿದಳು.

"ವಸಡ ನೋಡ್ರಿ ಅಮ್ಮಾರ. ಕೆಂಪ ಇರಬೇಕಾಗಿದ್ದು ಬೆಳ್ಳಗ ಆಗೇತಿ. ಇದು ಉಣ್ಣಿಯಿಂದ ಬರೋ ಜ್ವರ. ರಕ್ತ ಪರೀಕ್ಷಾ ಮಾಡೂಣು. ಗುಳಿಗಿ ನಾಕ ವಾರ ತಪ್ಪದ ಹಾಕಬೇಕು."

"ಉಣ್ಣಿ ದಿನಾ ತಗೀತೀನಲ್ರಿ ಬಾಯಾರ."

ಆಸಿಫಾ ನಾಯಿಯ ಮೈಯೆಲ್ಲ ನೋಡಿದಳು. ಕಿವಿ ಮಡಿಸಿ ನೋಡಿದಳು. ಎಲ್ಲಿಯೂ ಮುರಿದ ಬಾಯಿ ಉಳಿದಿರಲಿಲ್ಲ, ಒಂದು ಗಾಯವೂ ಇರಲಿಲ್ಲ. "ಇಷ್ಟ ಚಲೋ ಕೈ ನಾ ಎಲ್ಲೂ ನೋಡಿಲ್ರಿ," ಅಂದಳು. ಗೌರವ್ವನಿಗೆ ಆ ದುಃಖದಲ್ಲೂ ಒಂದಿಷ್ಟು ಸುಖವಾಯಿತು. ಆಮೇಲೆ ಆಸಿಫಾ ಕೇಳಿದಳು, "ತಗದ ಉಣ್ಣಿ ಏನ್ ಮಾಡ್ತೀರಿ?"

"ಹಿತ್ತಲ ಗೋಡಿ ಮ್ಯಾಲ ಬಿಡ್ತೀನ್ರಿ. ನಾ ಜೀವ ತಗಿಯಂಗಿಲ್ಲ."

ಆಸಿಫಾ ಪೆನ್ನು ಕೆಳಗಿಟ್ಟಳು. ಆಕೆ ಬೈಯಲಿಲ್ಲ. ಕೂತು, ಸಣ್ಣ ಮಕ್ಕಳಿಗೆ ಹೇಳುವ ಹಾಗಲ್ಲದೆ ದೊಡ್ಡವರಿಗೆ ಹೇಳುವ ಹಾಗೆ ಹೇಳಿದಳು. "ಉಬ್ಬಿದ ಒಂದ ಉಣ್ಣಿ ಗೋಡಿ ಸಂದ್ಯಾಗ ಹೊಕ್ಕು ಎರಡ ಮೂರ ಸಾವಿರ ತತ್ತಿ ಇಡ್ತೈತ್ರಿ ಅಮ್ಮಾರ. ಆ ಮರಿ ಎಲ್ಲಾ ನಾಯಿ ಹುಡಿಕ್ಕೊಂಡ ಬರ್ತಾವ. ಈ ಬಾಟ್ಲ್ಯಾಗ ಸ್ಪಿರಿಟ್ ಐತಿ. ತಗದದ್ದನ್ನ ಇದರಾಗ ಹಾಕಿ ಮುಚ್ಚರಿ. ಬೆರಳಾಗ ಒಡಿಬ್ಯಾಡ್ರಿ, ಅದರ ರಕ್ತ ಕೈಗೆ ತಾಗಬಾರದು, ಕೈಗವಸ ಹಾಕ್ಕೋರಿ. ಕಚ್ಚಿದ ಜಾಗಾ ಔಷಧದಿಂದ ಒರಸರಿ. ಗೋಡಿ ಸಂದಿ ಮುಚ್ಚಸರಿ, ಎರಡೂ ಕಡೆ ಔಷಧ ಹೊಡಸರಿ. ಹತ್ತಿ ಹುಳಕ್ಕ ಹೊಡಿಯೋ ವಿಷದ ಎಣ್ಣಿ ಮಾತ್ರ ನಾಯಿ ಮೈಗೆ ಹಚ್ಚಬ್ಯಾಡ್ರಿ, ಮೈ ನೆಕ್ಕೊಂಡು ಸಾಯ್ತೈತಿ."

"ಕೊಲ್ಲದ ಆಗಂಗಿಲ್ಲೇನ್ರಿ?"

"ಈ ಸಲ ಉಳಸಬಹುದು. ಉಣ್ಣಿ ಹಿಂಗ ಇದ್ರ ಮತ್ತ ಬರ್ತೈತಿ. ಆವಾಗ ಇದರ ಮೈಯಾಗ ತಡಕೊಳ್ಳಾಕ ರಕ್ತ ಇರಂಗಿಲ್ಲ."

ವಾಪಸು ಬರುವಾಗ ಗೌರವ್ವ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ಗುರುಸಂಗಪ್ಪ ಗಾಡಿ ನಡೆಸುತ್ತಲೇ, "ಅಂದ್ರ ಇಷ್ಟ ವರ್ಷ ನಾವು ಉಣ್ಣಿ ಸಾಕಾಣಿಕಿ ಮಾಡೀವಿ ಅಂದಂಗಾತು," ಅಂದ. ಹೆಂಡತಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಸರದಾರನಿಗೆ ಗುಳಿಗೆ ನುಂಗಿಸಿ, ಕೈಗವಸು ಹಾಕಿಕೊಂಡು ಗೌರವ್ವ ಹನ್ನೊಂದು ಉಣ್ಣಿ ತೆಗೆದಳು. ಬಟ್ಟಲಲ್ಲಿ ಅವು ಅಂಚು ಹತ್ತಲು ಹೋಗಿ ಜಾರಿ ಬೀಳುತ್ತಿದ್ದವು. ಪಕ್ಕದಲ್ಲಿ ಬಾಟಲಿ, ಮುಚ್ಚಳ ತೆಗೆದಿರಲಿಲ್ಲ. ಹೊಲಕ್ಕೆ ಒಯ್ದು ಬಿಡಲೇ ಎಂದು ಯೋಚಿಸಿದಳು, ಅಲ್ಲಿ ಕುರಿಕಾಯುವವರ ನಾಯಿಗಳು ಓಡಾಡುತ್ತವೆ. ನೀರಲ್ಲಿ ಬಿಡಲೇ ಎಂದುಕೊಂಡಳು, ಅದೂ ಕೊಲೆಯೇ, ಬರೀ ಕಣ್ಣಿಗೆ ಮರೆ. ಸರದಾರ ಕಣ್ಣು ಅರ್ಧ ತೆರೆದು ಆಕೆಯ ಮೊಣಕಾಲಿಗೆ ಮೂಗು ಇಟ್ಟುಕೊಂಡಿತ್ತು. ಮೂಗು ಕಾದಿತ್ತು.

ಗುರುಸಂಗಪ್ಪ ಚಹಾ ಕುಡಿಯುತ್ತ ಬಂದು ನೋಡಿದ. "ಇದಕ್ಕ ಯಾಕ ಇಷ್ಟ ವಿಚಾರ ಮಾಡ್ತೀ? ಗುಡ್ಡವ್ವಗ ಹೇಳು," ಅಂದು ಹೋದ.

ಗೌರವ್ವನಿಗೆ ಎದೆ ಹಗುರಾಯಿತು. ಇಷ್ಟು ಸುಲಭದ್ದು ಹೊಳೆದೇ ಇರಲಿಲ್ಲವಲ್ಲ ಅನಿಸಿತು. ಗುಡ್ಡವ್ವ ಮೂವತ್ತು ವರ್ಷದಿಂದ ಆ ಮನೆಯ ಹೊಲಕ್ಕೂ ದನದ ಕೊಟ್ಟಿಗೆಗೂ ದುಡಿಯುವ ಹೆಂಗಸು, ವಯಸ್ಸಿನಲ್ಲಿ ಗೌರವ್ವನದೇ ವಾರಿಗೆ. ಕರೆದ ಕೂಡಲೇ ಸಗಣಿಯ ಕೈ ತೊಳೆದುಕೊಂಡು ಬಂದಳು.

"ಇವನ್ನ ಈ ಬಾಟ್ಲ್ಯಾಗ ಹಾಕಿಬಿಡು ಗುಡ್ಡವ್ವಾ. ನನ್ನ ಕೈಲಿ ಆಗಂಗಿಲ್ಲ, ನಿನಗ ಗೊತ್ತೈತಲ್ಲ."

"ಕೊಡ್ರಿ ಅವ್ವಾರ," ಎಂದು ಗುಡ್ಡವ್ವ ಬಟ್ಟಲು ತೆಗೆದುಕೊಂಡಳು. ಸಿಟ್ಟಿನ ಮಾತಲ್ಲ, ಲೆಕ್ಕ ಹಾಕಿ ಚುಚ್ಚಿದ್ದೂ ಅಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದಳು. "ಒಲಿ ಮಗ್ಗಲಿನ ಚೇಳು ನಾನ ಹೊಡದೀನಿ. ಕಾಳಿನ ಖೋಲ್ಯಾಗಿನ ಇಲಿ ನಾನ ಹೊಡದೀನಿ. ಹಾವು ಬಂದಾಗ ನಮ್ಮನ್ಯಾವರನ್ನ ಕರಸಿದ್ರಿ. ಇದೂ ಒಂದ ಆಗ್ಲಿ. ಆದ್ರ ಇಷ್ಟ ವರ್ಷ ಬಿಡ್ತಿದ್ರಿ, ಇವತ್ಯಾಕ ಕೊಲ್ಲೂದು?"

ಗೌರವ್ವ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಗೋಡೆ, ಸಂದಿ, ತತ್ತಿ, ಜ್ವರ, ಬಿಳಿಚಿದ ವಸಡು, ಮೂಗಿನ ರಕ್ತ. ಗುಡ್ಡವ್ವ ಕೇಳುತ್ತ ಕೇಳುತ್ತ ಹಿತ್ತಲ ಗೋಡೆಯ ಕಡೆ ನೋಡಿದಳು.

"ಆ ಗೋಡಿ ಆಚಿಕಡೆ ನಮ್ಮ ಮನಿ ಐತ್ರಿ," ಅಂದಳು. "ಹೋದ ದೀಪಾವಳ್ಯಾಗ ನಮ್ಮ ನಾಯಿನೂ ಹಿಂಗ ಮಲಗಿತ್ತು. ರೊಟ್ಟಿ ಮುಟ್ಟಲಿಲ್ಲ. ಮೂಗಿನಾಗ ರಕ್ತ ಬಂತು, ಸತ್ತಹೋತು. ಮಗ್ಗಲಮನಿ ದ್ಯಾಮೇಶ ವಿಷ ಹಾಕ್ಯಾನ ಅಂತ ತಿಳದ್ವಿ. ನಮ್ಮನ್ಯಾವರು ಇನ್ನೂ ಅವನ ಕೂಡ ಮಾತಾಡಂಗಿಲ್ಲ."

ಗೌರವ್ವನಿಗೆ ನಾಚಿಕೆಯಾಯಿತು. ನಾಚಿಕೆ ಅಂದರೆ ಸಣ್ಣ ನಾಚಿಕೆಯಲ್ಲ, ಕೂತ ಕಟ್ಟೆಯ ಮೇಲಿಂದ ಏಳಬೇಕೋ ಕೂರಬೇಕೋ ತಿಳಿಯದಂಥ ನಾಚಿಕೆ. ಐವತ್ತೆರಡು ವರ್ಷ ಸ್ವಚ್ಛವೆಂದು ನಂಬಿದ್ದ ಕೈ ಅದು. ಆ ಮನೆಯಲ್ಲಿ ಸತ್ತ ಚೇಳು, ಇಲಿ, ಹಾವು ಎಲ್ಲವೂ ಆಕೆಯ ಮಾತಿನ ಮೇಲೆ, ಬೇರೆಯವರ ಕೈಯಿಂದ ಸತ್ತಿದ್ದವು. ತಾನು ಕರುಣೆಯಿಂದ ಬಿಟ್ಟದ್ದು ಗೋಡೆ ದಾಟಿ ಹೋಗಿ ಬಡವರ ನಾಯಿಯನ್ನು ತಿಂದಿತ್ತು, ಎರಡು ಮನೆಯ ಮಾತು ಮುರಿದಿತ್ತು.

ಗುಡ್ಡವ್ವ ಬಾಟಲಿಗೆ ಕೈ ಹಾಕುವಷ್ಟರಲ್ಲಿ ಗೌರವ್ವ, "ತಾ ಇಲ್ಲೆ," ಎಂದು ಬಟ್ಟಲನ್ನು ತಾನೇ ಇಸಿದುಕೊಂಡಳು. ಮುಚ್ಚಳ ತಿರುವಿ ತೆಗೆದಳು. ಚಿಮಟದಲ್ಲಿ ಒಂದು ಉಣ್ಣಿ ಹಿಡಿದು ಬಾಟಲಿಯ ಬಾಯಿಗೆ ತಂದಳು. ಬಿಟ್ಟಳು. ಅದು ಕಾಲು ಆಡಿಸಿ ಸತ್ತಿತು. ಅಪ್ಪನ ಮುಖ ನೆನಪಾಗುತ್ತದೆ ಎಂದು ಹೆದರಿದ್ದಳು, ನೆನಪಾಗಲಿಲ್ಲ. ಎರಡನೆಯದು, ಮೂರನೆಯದು, ಹೀಗೆ ಹನ್ನೊಂದನ್ನೂ ಹಾಕಿ ಮುಚ್ಚಳ ಬಿಗಿ ಮಾಡಿದಳು. ಅವತ್ತು ಆ ಕೈಯಲ್ಲಿ ಊಟ ಮಾಡಲು ಆಗಲಿಲ್ಲ, ಚಮಚ ತರಿಸಿಕೊಂಡಳು.

ಮರುದಿನವೂ ತಾನೇ ಹಾಕಿದಳು, ಅದರ ಮರುದಿನವೂ. ಗೌಂಡಿಯನ್ನು ಕರೆಸಿ ಗೋಡೆಯ ಸಂದಿಗಳಿಗೆ ಸಿಮೆಂಟು ತುಂಬಿಸಿ, ಈಚೆ ಕಡೆ ಔಷಧ ಹೊಡೆಸಿದಳು. ಐದನೆಯ ದಿನ ಸರದಾರ ಮಜ್ಜಿಗೆಯಲ್ಲಿ ನೆನೆಸಿದ ಅರ್ಧ ರೊಟ್ಟಿ ತಿಂದು, ಎದ್ದು ಹೋಗಿ ಗೇಟಿನ ಹತ್ತಿರ ಮಲಗಿತು. ಅದನ್ನು ಕಣ್ಣು ತುಂಬ ನೋಡಿದ ಮೇಲೆ ಗೌರವ್ವ ಚಿಮಟ, ಕೈಗವಸು, ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಗೋಡೆಯ ಆಚೆ ಬದಿ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ನಡೆದು ಹೋಗಲು ಇಡೀ ಓಣಿ ಸುತ್ತಬೇಕು. ಮೂವತ್ತು ವರ್ಷದಲ್ಲಿ ಆಕೆ ಆ ಕಡೆ ಒಮ್ಮೆಯೂ ಹೋಗಿರಲಿಲ್ಲ, ಹೋಗಬೇಕೆಂದು ಯಾರೂ ಹೇಳಿರಲಿಲ್ಲ.

ಗುಡ್ಡವ್ವ ಗಾಬರಿಯಿಂದ ಎದ್ದು ಚಾಪೆ ಹುಡುಕಿದಳು. ಗೌರವ್ವ ಅಷ್ಟರಲ್ಲೇ ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತಾಗಿತ್ತು. ಅಂಗಳದಲ್ಲಿ ಮೂರು ತಿಂಗಳ ಒಂದು ಮರಿ ಗೋಡೆಗೆ ಬೆನ್ನು ತಿಕ್ಕುತ್ತ, ಕಿವಿ ಕೆರೆದುಕೊಳ್ಳುತ್ತ ನಿಂತಿತ್ತು.

"ಸತ್ತ ನಾಯಿ ಹೆಸರ ಏನಿತ್ತು?" ಎಂದು ಗೌರವ್ವ ಕೇಳಿದಳು.

"ಬಂಗಾರಿ ಅಂತಿದ್ವಿ."

"ಅದನ್ನ ಕೊಂದಾಕಿ ನಾನು, ಗುಡ್ಡವ್ವಾ. ದ್ಯಾಮೇಶಗೂ ನಾನ ಹೇಳ್ತೀನಿ."

ಹಾಗನ್ನಬ್ಯಾಡ್ರಿ, ನಿಮಗ ಗೊತ್ತಿರಲಿಲ್ಲ ಎಂದು ಗುಡ್ಡವ್ವ ಹೇಳುತ್ತಾಳೆಂದು ಗೌರವ್ವ ಕಾದಳು. ಅಂಥ ಮಾತು ಬಂದಿದ್ದರೆ ಹಿಡಿದುಕೊಂಡು ಅಳುತ್ತಿದ್ದಳೇನೋ. ಗುಡ್ಡವ್ವ ಗೋಡೆಯ ಕಡೆ ನೋಡಿದಳು, ಗೌರವ್ವನ ಕಡೆ ನೋಡಿದಳು.

"ಹೌದ್ರಿ," ಅಂದಳು.

ಆಮೇಲೆ ಮರಿಯನ್ನು ಎತ್ತಿ ತಂದು ಗೌರವ್ವನ ಮಡಿಲಲ್ಲಿ ಇಟ್ಟು, ತಾನೂ ಎದುರಿಗೆ ಕೂತು, ಅದರ ಕಾಲು ಹಿಡಿದುಕೊಂಡಳು. "ಮೊದಲ ಎಡಗಿವಿ ನೋಡ್ರಿ. ಅದನ್ನ ಭಾಳ ಕೆರಕೊಳ್ತೈತಿ."