ನೆಲಮಾಳಿಗೆಯಲ್ಲಿ ಕಟ್ಟಿದ ಹಗುರ ಕಾರು

ನನಗೆ ಕಾರು ಓಡಿಸುವುದೆಂದರೆ ಆಗದು. ಕುವೈತಿನಲ್ಲಿ ಇಪ್ಪತ್ತಮೂರು ವರ್ಷ ಕಳೆದ ಮೇಲೂ ರಿಂಗ್ ರೋಡಿಗೆ ಇಳಿಯುವ ಮುಂಚೆ ಅಂಗೈ ಬೆವರುತ್ತದೆ. ಹಿಂದಿನವನು ಲೈಟು ಮಿಣುಕಿಸಿದರೆ ಸಾಕು, ಅವನ ಮನೆಯಂಗಳಕ್ಕೆ ನುಗ್ಗಿ ಸಿಕ್ಕಿಬಿದ್ದವನಂತೆ ಪಕ್ಕಕ್ಕೆ ಸರಿದುಬಿಡುತ್ತೇನೆ. ಇಂಥ ನಾನು ನಾಲ್ಕು ವರ್ಷ ಕೂತು ಒಂದು ಸ್ಪೋರ್ಟ್ಸ್ ಕಾರು ಕಟ್ಟಿದೆ ಎಂದರೆ ನೀವು ನಗುವುದು ಸರಿಯೇ. ಕೂತು ಎಂದೆನಲ್ಲ, ಅದೂ ಸುಳ್ಳು. ಹೆಚ್ಚಿನ ಹೊತ್ತು ಮಲಗಿದ್ದೆ, ಕಾರಿನ ಅಡಿಯಲ್ಲಿ, ಒಂದು ರಟ್ಟಿನ ಹಾಳೆಯ ಮೇಲೆ.

ಅದು ನಮ್ಮ ಪಾಲಿಗೆ ಬಂದದ್ದು ಹೀಗೆ. ಮೈದಾನ್ ಹವಲ್ಲಿಯ ನಮ್ಮ ಕಟ್ಟಡದ ಯಜಮಾನರು ಅಬು ಫಹದ್ ಎಂಬ ವಯಸ್ಸಾದ ಕುವೈತಿ. ಅವರ ಮಗ ಇಂಗ್ಲೆಂಡಿನಿಂದ ಕಿಟ್ ಕಾರು ತರಿಸಿದ್ದ. ಕಿಟ್ ಅಂದರೆ ಕಾರು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬರುತ್ತದೆ. ಜೋಡಿಸುವುದು ತರಿಸಿಕೊಂಡವನ ಕರ್ಮ. ಮೊದಲ ಪೆಟ್ಟಿಗೆ ತೆರೆದ ಕೂಡಲೇ ಹುಡುಗನಿಗೆ ಬೇರೆ ಕೆಲಸ ನೆನಪಾಯಿತು. ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದವು. ಒಂದು ದಿನ ನಾನೂ ಗೆಳೆಯ ಡೆನಿಸನೂ ಅವನ್ನು ನೋಡುತ್ತ ನಿಂತಿದ್ದಾಗ ಮುದುಕರು, "ಬೇಕಾ? ಯಲ್ಲಾ, ತಗೊಳ್ಳಿ. ಮೂಲೆ ಖಾಲಿಯಾದರೆ ಸಾಕು" ಎಂದುಬಿಟ್ಟರು. ಮೂಲೆ ಖಾಲಿಯಾಗಲಿಲ್ಲ ಎಂಬುದು ಬೇರೆ ಮಾತು.

ಡೆನಿಸ್ ಮೂಡುಬಿದಿರೆ ಕಡೆಯವನು. ನಮ್ಮ ಮೇಲಿನ ಮಹಡಿಯಲ್ಲಿದ್ದ. ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ನಾನು ಏಸಿ ಕಂಪೆನಿಯೊಂದರ ಸ್ಟೋರ್ ನೋಡಿಕೊಳ್ಳುವವನು. ಅವನ ಕೈ ಮಾತನಾಡುತ್ತಿತ್ತು, ನನಗೆ ಪಟ್ಟಿ ಬರೆಯಲು ಬರುತ್ತಿತ್ತು. ಹಾಗಾಗಿ ದೊಡ್ಡ ಕೆಲಸ ಅವನದು. ಸಣ್ಣಪುಟ್ಟ ಬೋಲ್ಟುಗಳನ್ನು ಬಿಗಿದು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುವುದು ನನ್ನದು. ಅವನ ಮನೆಮಾತು ಕೊಂಕಣಿ, ನನ್ನದು ತುಳು. ಒಳ್ಳೆಯ ಮಾತನ್ನು ಕನ್ನಡದಲ್ಲಿ ಆಡಿಕೊಳ್ಳುತ್ತಿದ್ದೆವು, ಕೆಟ್ಟದ್ದನ್ನು ಅವರವರ ಭಾಷೆಯಲ್ಲಿ.

ಹಗುರ ಕಾರಿನ ತತ್ತ್ವ ಸರಳ: ಇಲ್ಲದಿದ್ದರೂ ನಡೆಯುವಂಥದ್ದು ಯಾವುದೂ ಇರಬಾರದು. ಬಾಗಿಲಿಲ್ಲ, ತಲೆಯ ಮೇಲೆ ಮಾಡು ಇಲ್ಲ, ರೇಡಿಯೋ ಇಲ್ಲ, ಹಿಂದಿನ ಸೀಟಿಲ್ಲ. ನಮ್ಮ ಕಾರ್ಕಳದ ಗೊಮ್ಮಟ ಮೈಮೇಲಿನದೆಲ್ಲ ಬಿಟ್ಟು ನಿಂತು ಎಷ್ಟೋ ಶತಮಾನ ಆದ ಮೇಲೆ ಇಂಗ್ಲೆಂಡಿನವರು ಅದನ್ನು ಕಾರಿಗೆ ಅನ್ವಯಿಸಿದರು ಎಂದು ನಾನು ಡೆನಿಸನಿಗೆ ಹೇಳಿದ್ದುಂಟು. ಆದರೆ ಗೊಮ್ಮಟನಿಗೆ ಮಳೆಯಾದರೂ ಇದೆ. ಜುಲೈ ತಿಂಗಳ ಕುವೈತಿನಲ್ಲಿ ಏಸಿಯೂ ಮಾಡೂ ಇಲ್ಲದ ಕಾರು ಯಾರಿಗೆ ಬೇಕು? ಅದೂ ಏಸಿ ಕಂಪೆನಿಯವನು ಕಟ್ಟಿದ್ದು! ಇದರ ಮೇಲೆ, ಒಂದು ಕಬ್ಬಿಣದ ಪಟ್ಟಿಯಿಂದ ಇನ್ನೂರು ಗ್ರಾಂ ಕಡಿಮೆ ಮಾಡಲು ನಾನು ಮೂರು ಶುಕ್ರವಾರದ ರಜೆಯಿಡೀ ಅರ ಉಜ್ಜಿದೆ. ಅದೇ ತಿಂಗಳು ಡಾಕ್ಟರು ನನಗೆ ಹನ್ನೆರಡು ಕಿಲೋ ಇಳಿಸಲು ಹೇಳಿದ್ದರು.

ಮಗಳು ಒಮ್ಮೆ ಕೆಳಗೆ ಬಂದು ನೋಡಿ, "ಪಪ್ಪಾ, ಇಟ್ಸ್ ಎ ಬಾತ್‌ಟಬ್" ಎಂದು ಲಿಫ್ಟ್ ಹತ್ತಿದಳು. ಹೆಂಡತಿ ಸುಜಯ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ, "ಕೆಳಗೊಂದು ಗುಜರಿ, ಮೇಲೊಂದು ಗುಜರಿ" ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಿಗೂ ಸ್ವಲ್ಪ ತ್ರಾಣ ಬೇಕಾಗುತ್ತದೆ.

ಆ ಸುಸ್ತಿನಲ್ಲೇ ಒಂದು ತಪ್ಪಾಯಿತು. ಕಂಪೆನಿಯಲ್ಲಿ ವಾರವಿಡೀ ಸ್ಟಾಕ್ ಎಣಿಸಿ ಬಂದವನು ಸ್ಟಿಯರಿಂಗಿನ ಕಂಬಿಯ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಕೂರಿಸಿದೆ, ಸ್ಪ್ಯಾನರ್ ಹಾಕಲಿಲ್ಲ. ಆಮೇಲೆ ಬಿಗಿದರಾಯಿತೆಂದು ಟಿಕ್ ಹಾಕಿ ಮನೆಗೆ ಹೋಗಿ ಮಲಗಿದೆ. ಮುಂದಿನ ಶುಕ್ರವಾರ ಡೆನಿಸ್ ಸ್ಟಿಯರಿಂಗ್ ತಿರುಗಿಸಿದ. ಅದು ತಿರುಗಿತು, ಚಕ್ರಗಳು ತಿರುಗಲಿಲ್ಲ.

"ಎಂತ ಮಾರಾಯ ಇದು? ರಸ್ತೆಯಲ್ಲಿ ಆಗಿದ್ದರೆ ಇಬ್ಬರೂ ಸಾಯ್ತಿದ್ದೆವು" ಎಂದ.

"ನೀನೇ ಸಡಿಲ ಮಾಡಿ ಮರೆತಿರಬೇಕು. ನನ್ನ ಪುಸ್ತಕದಲ್ಲಿ ಟಿಕ್ ಉಂಟು" ಎಂದೆ.

ಅವನು ಪುಸ್ತಕ ನೋಡಲಿಲ್ಲ. ನನ್ನ ಮುಖ ನೋಡಿದ. ಕೈ ಒರೆಸಿಕೊಂಡು ಮೇಲೆ ಹೋದ. ಎಂಟು ತಿಂಗಳು ಮಾತಿಲ್ಲ. ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ಗೋಡೆಯ ಮೇಲಿನ ಅರೇಬಿಕ್ ನೋಟಿಸನ್ನು ತದೇಕಚಿತ್ತದಿಂದ ಓದುತ್ತಿದ್ದೆವು. ಇಬ್ಬರಿಗೂ ಅರೇಬಿಕ್ ಓದಲು ಬರುವುದಿಲ್ಲ. ಕಾರು ಹಳೆಯ ಬೆಡ್‌ಶೀಟಿನಡಿ ಮಲಗಿತ್ತು.

ಡಿಸೆಂಬರಿನ ಒಂದು ಸಂಜೆ ಅವನೇ ಬಾಗಿಲು ತಟ್ಟಿದ. "ಕೆಲಸ ಖಲಾಸ್. ಇಕಾಮಾ ರಿನ್ಯೂ ಮಾಡುದಿಲ್ಲವಂತೆ. ಊರಿಗೆ ಹೊರಡಲು ಒಂದು ತಿಂಗಳು ಉಂಟು" ಎಂದ. ನಾನು ಒಳಗೆ ಕರೆಯುವ ಮುಂಚೆಯೇ, "ಕಾರು ಮುಗಿಸುವ, ಆಗದಾ?" ಎಂದ.

ಆ ತಿಂಗಳು ದಿನವೂ ಕೆಲಸ ಮುಗಿಸಿ ಬಂದು ಕೆಳಗಿಳಿದೆವು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಇಬ್ಬರೂ ಕಾರಿನಡಿ ಮಲಗಿದ್ದಾಗ ಹೇಳಿದೆ. ಮುಖ ಕಾಣದಿದ್ದರೆ ಕೆಲವು ಮಾತು ಸುಲಭ.

"ಆ ಬೋಲ್ಟ್ ನಾನೇ ಬಿಗಿ ಮಾಡಿರಲಿಲ್ಲ, ಡೆನಿಸ್."

"ಗೊತ್ತುಂಟು."

"ಮತ್ತೆ ಎಂಟು ತಿಂಗಳು..."

"ನೀನು ಹೇಳ್ತೀಯಾ ಅಂತ ಕಾದೆ. ಈಗ ಟಾರ್ಚ್ ಸರಿ ಹಿಡಿ ಮಾರಾಯ, ಕಣ್ಣಿಗೆ ಹೊಡೀತಾ ಉಂಟು."

ಹೀಗೆ ಮನೆಯಲ್ಲಿ ಕಟ್ಟಿದ ನಮ್ಮ ಕಾರಿಗೆ ನಂಬರ್ ಪ್ಲೇಟ್ ಸಿಗುವ ಆಸೆ ಇರಲಿಲ್ಲ. ಅಬು ಫಹದ್ ತಮ್ಮ ಗೋದಾಮಿನ ಗೋಡೆಯೊಳಗಿನ ಅಂಗಳ ಬಿಟ್ಟುಕೊಟ್ಟರು. ಜನವರಿಯ ಚಳಿಯ ಬೆಳಿಗ್ಗೆ ಕಾರನ್ನು ಪಿಕಪ್ಪಿನಲ್ಲಿ ಹೊತ್ತುಕೊಂಡು ಹೋದೆವು. ಡೆನಿಸ್ ಸಲೀಸಾಗಿ ಕಾರಿನೊಳಕ್ಕೆ ಇಳಿದು ಕೂತ. ನನ್ನನ್ನು ಸುಜಯ ಹಿಂದಿನಿಂದ ಒತ್ತಿ ತುಂಬಿಸಬೇಕಾಯಿತು. ಅವನು ಗೇರು ಹಾಕಿದ್ದೇ ತಡ, ನೆಲ ನನ್ನ ಪೃಷ್ಠದ ಕೆಳಗೆ ಒಂದು ಗೇಣಿನಲ್ಲಿ ಓಡತೊಡಗಿತು. ಹಲ್ಲಿನ ಸಂದಿಯಲ್ಲೆಲ್ಲ ಮರಳು. ನಾಲ್ಕು ಸುತ್ತು ಹಾಕಿ ನಿಲ್ಲಿಸಿ, "ಇನ್ನು ನೀನು" ಎಂದ.

"ನನ್ನಿಂದಾಗದು."

"ನಿನ್ನ ಟಿಕ್ ನಂಬಿ ನಾನು ಕೂತಿಲ್ವಾ?"

ಸೀಟು ಬದಲಿಸಿ ಕೂತೆ. ಒಂದು ಸುತ್ತು ಓಡಿಸಿದೆ. ಹಿಂದಿನಿಂದ ಯಾರೂ ಲೈಟು ಮಿಣುಕಿಸಲಿಲ್ಲ. ಡೆನಿಸ್ ಪಕ್ಕದಲ್ಲಿ ಕೈಕಟ್ಟಿ, ಕಣ್ಣು ಮುಚ್ಚಿ ಕೂತಿದ್ದ. ಹೆದರಿಕೆಗಲ್ಲ, ಎಂಜಿನ್ ಕೇಳಲು. ಆ ವಾರವೇ ಅವನು ವಿಮಾನ ಹತ್ತಿದ.

ಈಗ ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು ಎಂಜಿನ್ ಚಾಲೂ ಮಾಡುತ್ತೇನೆ. ಮೊನ್ನೆ ಹಾಗೆ ಚಾಲೂ ಮಾಡಿದ್ದಾಗ ಡೆನಿಸ್ ಊರಿನಿಂದ ಫೋನ್ ಮಾಡಿದ. "ಫೋನನ್ನು ಎಂಜಿನಿನ ಹತ್ತಿರ ಹಿಡಿ" ಎಂದ. ಹಿಡಿದೆ. ಒಂದು ನಿಮಿಷ ಕೇಳಿ, "ಎರಡನೇ ಪ್ಲಗ್ ಸರಿ ಇಲ್ಲ. ಬಿಚ್ಚಿ ನೋಡು" ಎಂದ. ಬರುವ ವಾರ ನೋಡುವ ಎನ್ನಬೇಕೆಂದು ಬಾಯಿ ತೆರೆದೆ. ಸೊಂಟ ಅಷ್ಟು ನೋಯುತ್ತಿತ್ತು. ಆದರೆ ಅವನು ಫೋನ್ ಇಟ್ಟಿರಲಿಲ್ಲ. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಊರಿನ ಮಾತೆಲ್ಲ ಮುಗಿದ ಮೇಲೆ ಪ್ಲಗ್ ಬಿಚ್ಚಿದೆ. ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ, ಒಣಗಿದ, ಯಾವ ದೋಷವೂ ಇಲ್ಲದ ಪ್ಲಗ್.

"ಹೇಗುಂಟು?" ಎಂದ.

"ತುಂಬ ಮಸಿ ಕಟ್ಟಿದೆ ಮಾರಾಯ. ಉಜ್ಜಲು ಹೊತ್ತು ಬೇಕು."

"ಉಜ್ಜು, ಉಜ್ಜು" ಎಂದ ಡೆನಿಸ್. "ನನಗೇನೂ ಅವಸರ ಇಲ್ಲ."