ಅರ್ಧ ನಿಮಿಷದ ಕೈಗಳು

ಮಲಾಡಿನ ಒಂದು ಬ್ಯೂಟಿ ಪಾರ್ಲರಿನಲ್ಲಿ ನೆಲ ಒರೆಸುವುದು, ಟವೆಲ್ ಒಗೆಯುವುದು ನನ್ನ ಕೆಲಸ. ಮೊನ್ನೆ ಮದುಮಗಳೊಬ್ಬಳಿಗೆ ಹಚ್ಚಲೆಂದು ಹೊಸ ಫೌಂಡೇಶನ್ ಬಾಟಲಿ ತೆರೆದರು. ಎಣ್ಣೆಯದೂ ಅಲ್ಲದ, ಸೀಮೆಸುಣ್ಣದ್ದೂ ಅಲ್ಲದ ಆ ವಾಸನೆ ಮೂಗಿಗೆ ಬಂದದ್ದೇ, ಒರೆಸುವ ಬಟ್ಟೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಅದೇ ವಾಸನೆ ಒಂದು ದಿನ ನನ್ನ ಅಕ್ಕನ ಕೈಗಳಿಂದ ಬಂದಿತ್ತು...

ಆಗ ನಾವಿಬ್ಬರೂ ಆಂಟಾಪ್ ಹಿಲ್‌ನ ಒಂದೇ ಚಾಳಿನಲ್ಲಿ ಅಕ್ಕಪಕ್ಕದ ಖೋಲಿಗಳಲ್ಲಿ ಇದ್ದೆವು. ಅಕ್ಕ ಟಿ.ವಿ.ಯಲ್ಲಿ ನೋಡುತ್ತಿದ್ದದ್ದು ಜಾಹೀರಾತು ಮಾತ್ರ. ಸೀರಿಯಲ್ ಶುರುವಾದರೆ ಪಾತ್ರೆ ತೊಳೆಯಲು ಏಳುವಳು, ಬ್ರೇಕ್ ಬಂತೆಂದರೆ ಒದ್ದೆ ಕೈಯಲ್ಲೇ ಓಡಿ ಬರುವಳು. "ಸೀರಿಯಲ್‌ದಾಗ ಒಂದ್ ಬಾಗಲಾ ತಗೀಲಿಕ್ಕೆ ಒಂದ್ ವಾರ ಬೇಕು. ಇಲ್ಲಿ ನೋಡ, ಅರ್ಧಾ ನಿಮಿಷದಾಗ ಲಗ್ನಾ ಆತು, ಅತ್ತಿ ಸಿಟ್ಟಾದ್ಲು, ಚಹಾ ಕುಡದು ಸಮಾಧಾನಾನೂ ಆದ್ಲು" ಎನ್ನುತ್ತಿದ್ದಳು. ದೊಡ್ಡ ಹೀರೋಗಳ ಮೇಲೂ ಅವಳಿಗೆ ಗೌರವವಿರಲಿಲ್ಲ. "ಎಣ್ಣಿಗೂ ಇವನ, ಬನಿಯನ್ನಿಗೂ ಇವನ, ಸಿಮೆಂಟಿಗೂ ಇವನ. ಮನೀಗೆ ಯಾವಾಗ ಹೋಗ್ತಾನೋ ಏನೋ." ಆದರೆ ಗೋಡೆಗೆ ಬಣ್ಣ ಹಚ್ಚುವ ಒಂದು ಜಾಹೀರಾತು ಬಂದಾಗಲೆಲ್ಲ ಅವಳ ಕಣ್ಣು ತುಂಬುತ್ತಿತ್ತು. ಬಣ್ಣದ ಡಬ್ಬಿ ತೋರಿಸಿ ಅಳಿಸುವವರು ಬಹಳ ಶಾಣ್ಯಾರು ಎಂದು ಮೂಗು ಒರೆಸಿಕೊಳ್ಳುವಳು.

ಒಂದು ದಿನ ಸಾರಿನ ಪುಡಿಯ ಜಾಹೀರಾತು ನೋಡುತ್ತ ಅವಳು, "ಮಾರಿ ಒಬ್ಬಾಕೀದು, ಕೈ ಇನ್ನೊಬ್ಬಾಕೀದು. ಉಗುರ ನೋಡ" ಎಂದಳು. ನಾನು ನಂಬಲಿಲ್ಲ. ಮರುದಿನ ಅದೇ ಜಾಹೀರಾತನ್ನು ದಿಟ್ಟಿಸಿ ನೋಡಿದೆ. ನಗುವ ಹುಡುಗಿಯ ಉಗುರು ಉದ್ದ, ಸಾರಿಗೆ ಕೊತ್ತಂಬರಿ ಉದುರಿಸುವ ಕೈಯ ಉಗುರು ಗಿಡ್ಡ. ನಾನು ನಾಲ್ಕು ಕ್ಲಾಸಾದರೂ ಕಲಿತವಳು, ಅಕ್ಕ ಅದೂ ಇಲ್ಲ. ಆ ಕಣ್ಣು ಅವಳಿಗೆ ಎಲ್ಲಿಂದ ಬಂತೋ...

ಅಕ್ಕ ಅಡಿಗೆ ಮಾಡುತ್ತಿದ್ದ ಮಲಾಡಿನ ಬಂಗಲೆಯನ್ನು ಮಾಲೀಕರು ಶೂಟಿಂಗಿಗೆ ಬಾಡಿಗೆ ಕೊಡುತ್ತಿದ್ದರು. ಒಮ್ಮೆ ಗೋಧಿ ಹಿಟ್ಟಿನ ಜಾಹೀರಾತಿನ ಶೂಟಿಂಗ್ ಬಂತು. ನೋಡುವಿಯಂತೆ ಬಾ ಎಂದು ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಹೋಗಿದ್ದೆ. ಹೀರೋಯಿನ್ ಚಪಾತಿ ಲಟ್ಟಿಸಬೇಕಿತ್ತು. ಅವಳ ಉಗುರಿಗೆ ಹಿಟ್ಟು ಮೆತ್ತುತ್ತಿತ್ತು, ಲಟ್ಟಣಿಗೆ ಮಾತು ಕೇಳುತ್ತಿರಲಿಲ್ಲ. ಬೇರೆ ಕೈ ತನ್ನಿ ಎಂದರು ಡೈರೆಕ್ಟರು. ಮೊದಲು ಅವರ ಕಣ್ಣಿಗೆ ಬಿದ್ದವಳು ನಾನು.

ಎರಡೂ ಕೈ ಮುಂದೆ ಚಾಚಿದೆ. ಅವರು ನನ್ನ ಕೈ ಹಿಡಿದು ತಿರುವಿ ನೋಡಿದರು. ಸೋಡಾ, ಫಿನೈಲಿಗೆ ಬಿರಿದ ಬೆರಳ ತುದಿಗಳು. "ಯೇ ನಹೀ" ಎಂದು ಬಿಟ್ಟುಬಿಟ್ಟರು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಕರೆದರು.

ಅಕ್ಕ ಕಪ್ಪು, ಹೀರೋಯಿನ್ ಬಿಳಿ. ಮೇಕಪ್ಪಿನ ಹುಡುಗಿ ಮೊಳಕೈ ತನಕ ಒಂದು ತಾಸು ಬಣ್ಣ ಹಚ್ಚಿದಳು. ಮುಂಗೈ ಮೇಲಿನ ಸುಟ್ಟ ಕಲೆಗಂತೂ ಮೂರು ಸಲ ಹಚ್ಚಿದಳು. ನಾನು ಲೈಟಿನ ಕಂಬದ ಹಿಂದೆ, ಮೂರು ಮಾರು ದೂರದಲ್ಲಿ ನಿಂತಿದ್ದೆ. ಅಕ್ಕ ಉಂಡೆಯನ್ನು ಮಣೆಗೆ ಹಾಕಿದಳು. ಜೋಳದ ರೊಟ್ಟಿ ಬಡಿಯುವವರ ರೂಢಿಯಂತೆ ಬೆರಳುಗಳಿಂದ ಸುತ್ತಲೂ ತಟ್ಟಿ, ಆಮೇಲೆ ಲಟ್ಟಣಿಗೆ ತೆಗೆದುಕೊಂಡಳು. ಹಿಟ್ಟು ಅವಳ ಕೈಯಡಿ ತಾನಾಗಿ ತಿರುಗಿ ತಿರುಗಿ ಅಗಲವಾಯಿತು. ಬೆಳಗಿನಿಂದ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದ ಅಷ್ಟೂ ಜನ ಸುಮ್ಮನಾದರು. ದಿನಾ ಮನೆಯಲ್ಲಿ ನೋಡಿದ ಕೈಗಳೇ. ಆದರೂ ಅವನ್ನು ನಾನು ಮೊದಲ ಸಲ ನೋಡಿದಂತಾಯಿತು. ಚಪಾತಿ ಉಬ್ಬಿ ನಿಂತಾಗ ಡೈರೆಕ್ಟರು ಅವಳಿಗೆ ಎರಡೂ ಕೈ ಜೋಡಿಸಿದರು. ಎಲ್ಲವನ್ನೂ ನಾನು ಕಣ್ಣಾರೆ ನೋಡಿದೆ.

ಕೆಲವು ತಿಂಗಳಾದ ಮೇಲೆ ಆ ಜಾಹೀರಾತು ಬಂತು. ಅಕ್ಕ ಮೊದಲೇ ಹೇಳಿಟ್ಟಿದ್ದರಿಂದ ಚಾಳಿನ ಹೆಂಗಸರೆಲ್ಲ ಅವಳ ಖೋಲಿಯಲ್ಲಿ ಕೂಡಿದ್ದರು. "ಇವ ನೋಡ್ರಿ, ನನ್ನ ಕೈ" ಎಂದಳು.

"ಅಯ್ಯ, ಯಾವಾಗ ಇಷ್ಟ ಬೆಳ್ಳಗಾದ್ವು ಬೇ ನಿನ್ನ ಕೈ? ಸಾಬಾಣ ಯಾವುದಂತ ನಮಗೂ ಹೇಳ" ಎಂದಳು ಎದುರು ಖೋಲಿಯವಳು.

ಭಾವ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ, "ನಾಳಿ ಆ ಹೀರೋನ ಮೀಸಿ ನಂದ ಅಂತೀನಿ, ನೀವು ಹೂಂ ಅನ್ರಿ" ಎಂದರು. ಎಲ್ಲರೂ ನಕ್ಕರು.

ಅಕ್ಕ ನನ್ನ ಕಡೆ ತಿರುಗಿದಳು. "ಹೇಳ ತಂಗಿ, ನೀ ಅಲ್ಲೇ ಇದ್ದೆಲ್ಲ."

ಒಂದು ಹೂಂ ಸಾಕಿತ್ತು. ಅವಳ ಪರವಾಗಿ ಹೇಳಲು ಲೋಕದಲ್ಲಿ ಇದ್ದವಳು ನಾನೊಬ್ಬಳೇ. ನನ್ನ ಕೈ ತಿರುವಿ ನೋಡಿ ಬಿಟ್ಟದ್ದು ನೆನಪಾಯಿತು. "ನಾ ಹೊರಗ ನಿಂತಿದ್ದೆ. ಏನೂ ನೋಡಿಲ್ಲ" ಎಂದೆ.

ಬ್ರೇಕ್ ಮುಗಿದು ಸೀರಿಯಲ್ ಶುರುವಾಯಿತು. ಒಣಗಿದ್ದ ಕೈಗಳನ್ನೇ ಅಕ್ಕ ಸೆರಗಿಗೆ ಒರೆಸಿಕೊಂಡಳು. ಆ ದಿನವಾಗಲಿ, ಮುಂದೆಂದಾಗಲಿ, ಯಾಕೆ ಹಾಗಂದಿ ಎಂದು ಕೇಳಲಿಲ್ಲ. ಆದರೆ ಅಲ್ಲಿಂದಾಚೆ ಸೀರಿಯಲ್ ನೋಡತೊಡಗಿದಳು. ಬ್ರೇಕ್ ಬಂದರೆ ಏಳುತ್ತಿದ್ದಳು.

ಎರಡು ವರ್ಷದ ಹಿಂದೆ ಅಕ್ಕ ಜ್ವರದಲ್ಲಿ ಹೋದಳು. ಆಸ್ಪತ್ರೆಯಲ್ಲಿ ಎಂಟು ದಿನ ಅವಳ ಕೈ ಹಿಡಿದುಕೊಂಡೇ ಕೂತಿದ್ದೆ. ಆಗಲೂ ನಾನು ಆ ಮಾತು ಎತ್ತಲಿಲ್ಲ...

ಮೊನ್ನೆ ಪಾರ್ಲರಿನಿಂದ ನೇರ ಅಕ್ಕನ ಮಗಳ ಮನೆಗೆ ಹೋದೆ. ಹಳೆಯ ಜಾಹೀರಾತುಗಳೆಲ್ಲ ಫೋನಿನಲ್ಲಿ ಸಿಗುತ್ತವಂತೆ. ಹುಡುಕಿಸಿದೆ, ಸಿಕ್ಕಿತು. "ಇವು ನಿಮ್ಮವ್ವನ ಕೈ" ಎಂದೆ.

"ಮಾಲೂಮ್ ಇದೆ ಮೌಶಿ, ಮಮ್ಮಿ ಹೇಳಿದ್ಲು. ಪಪ್ಪಾ ಲಾಸ್ಟ್ ತಕ್ ನಂಬಲಿಲ್ಲ" ಎಂದಳು ಹುಡುಗಿ. "ಲೇಕಿನ್ ನಿಂಗೆ ಹೇಗೆ ಗೊತ್ತು? ಮಮ್ಮಿ ಹೇಳ್ತಿದ್ಲು, ವಾಚ್‌ಮನ್ ಮೌಶಿಗೆ ಒಳಗೆ ಬಿಡಲೇ ಇಲ್ಲ, ಬೇಚಾರಿ ದಿನಾ ಪೂರ್ತಿ ಗೇಟ್ ಹತ್ರ ನಿಂತಿದ್ಲು ಅಂತ."

ಅಂಥ ವಾಚ್‌ಮನ್ ಯಾರೂ ಇರಲಿಲ್ಲ. ನನ್ನ ಸುಳ್ಳು ಸುಳ್ಳೆಂದು ಮಗಳಿಗೆ ತಿಳಿಯಬಾರದೆಂದು ಅಕ್ಕ ಅವನನ್ನು ಗೇಟಿಗೆ ನಿಲ್ಲಿಸಿದ್ದಳು.

"ನಾನು ಒಳಗೇ ಇದ್ದೆ" ಎಂದೆ. ಉಳಿದದ್ದನ್ನೂ ಹೇಳಿದೆ. ಹುಡುಗಿ ಜಾಹೀರಾತನ್ನು ಮತ್ತೆ ಹಚ್ಚಿ ಫೋನನ್ನು ನನ್ನ ಮುಂದೆ ಹಿಡಿದಳು. ಕೈಗಳು ಬಂದಾಗ ಬೆರಳಿಟ್ಟು ತೋರಿಸಿದೆ. ಬೆರಳು ತಾಗಿ ವಿಡಿಯೋ ನಿಂತಿತು, ಲಟ್ಟಣಿಗೆಯ ಮೇಲೆ ಎರಡೂ ಕೈ ಹಾಗೇ ನಿಂತವು.

"ಇವೇ. ನಾನು ನೋಡಿದ್ದೇನೆ" ಎಂದೆ. ಕೇಳಬೇಕಾದವಳು ಇರಲಿಲ್ಲ.