ಬೆಚ್ಚನೆಯ ದನಿ

ನಮ್ಮ ಆಂಪ್ಲಿಫಯರ್ ಮಾವನಿಗೆ ಹಾಡಿಗಿಂತ ಅದು ಹೊರಡುವ ಪೆಟ್ಟಿಗೆ ಮುಖ್ಯ. ಅದನ್ನು ಕೈಯಾರೆ ಕಟ್ಟಿದ್ದಾರೆ. "ಮುಂದೆ ಹಳೇ ರೇಡಿಯೊದಂಥ ಗಾಜಿನ ವಾಲ್ವು, ಹಿಂದೆ ಟ್ರಾನ್ಸಿಸ್ಟರು. ಮಾಧುರ್ಯ ಅದರದ್ದು, ತಾಕತ್ತು ಇದರದ್ದು. ನಾನೂ ನಿಮ್ಮತ್ತೆಯೂ ಇದ್ದ ಹಾಗೆ ಕಣಯ್ಯ," ಎನ್ನುತ್ತಾರೆ, ಯಾರು ಯಾವುದೆಂದು ಕೇಳುವ ಧೈರ್ಯ ನನಗಿಲ್ಲ. ವಾಲ್ವು ಬಿಸಿಯಾಗುವಷ್ಟರಲ್ಲಿ ಬಂದವರ ಕಾಫಿ ಆರಿರುತ್ತದೆ. ಇತ್ತೀಚೆಗೆ ಮಾವನ ಕಿವಿ ತೀರಾ ಮಂದ. ಅದನ್ನು ಯಾರಿಗೂ ಹೇಳದೆ, ಅತ್ತೆಯನ್ನು ಸ್ಪೀಕರಿನೆದುರು ಕೂರಿಸಿ, ಅವರ ಕಾಲ್ಬೆರಳು ತಾಳ ಹಾಕಿದರೆ ದನಿ ಸರಿಯಿದೆಯೆಂದು ತಿಳಿಯುತ್ತಾರೆ. ನಿನ್ನೆ ಹೊಸ ವಾಲ್ವು ಸಿಕ್ಕಿಸಿ, ಗುಂಡಿ ತಿರುಗಿಸಿ, "ಹೇಗಿದೆಯೇ?" ಎಂದರು. ಸ್ಪೀಕರಿನ ತಂತಿ ಜೋಡಿಸುವುದನ್ನೇ ಮರೆತಿದ್ದರು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅತ್ತೆ ನನಗೆ ಸುಮ್ಮನಿರೆಂದು ಕಣ್ಣಲ್ಲೇ ಹೇಳಿ, ಕಾಲ್ಬೆರಳು ಆಡಿಸತೊಡಗಿದರು. ಮಾವನ ಮುಖ ಅರಳಿತು. "ಪಕ್ಕದ ಮನೆಯವರಿಗೆ ತೊಂದರೆಯಾದೀತು," ಎಂದು ಗುಂಡಿಯನ್ನು ತುಸು ಹಿಂದಕ್ಕೆ ತಿರುಗಿಸಿದರು.